ಅತ್ತೆಯ ವೀಲ್‌ಚೇರ್ ಬ್ಯಾಟರಿ, ಯಜಮಾನರ ಪವರ್ ಬ್ಯಾಂಕ್: ವಿಮಾನದಲ್ಲಿ ಯಾವುದು ಎಲ್ಲಿರಬೇಕು?

ಪ್ರಶ್ನೆ: ಸರ್, ನಮಸ್ಕಾರ. ನಾವು ಬಸವನಗುಡಿಯವರು. ಮುಂದಿನ ತಿಂಗಳು ನಾನು, ನಮ್ಮ ಯಜಮಾನರು, 78 ವರ್ಷದ ನಮ್ಮ ಅತ್ತೆ ಮೂವರೂ ಎಮಿರೇಟ್ಸ್‌ನಲ್ಲಿ ದುಬೈ ಮೂಲಕ ಲಂಡನ್‌ಗೆ, ಮಗಳ ಮನೆಗೆ ಹೊರಟಿದ್ದೇವೆ. ಹೋದ ವರ್ಷ ದೆಹಲಿಗೆ ಹೋಗುವಾಗ ಗೊತ್ತಿಲ್ಲದೆ ಚೆಕ್-ಇನ್ ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಇಟ್ಟುಬಿಟ್ಟಿದ್ದೆವು. ಸೆಕ್ಯುರಿಟಿ ದಾಟಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಯಜಮಾನರ ಹೆಸರು ಕೂಗಿ ಕರೆಸಿ, ಬ್ಯಾಗ್ ಬಿಚ್ಚಿಸಿ ತೆಗೆಸಿದರು. ವಿಮಾನ ತಪ್ಪಿಹೋಗುವುದೊಂದು ಬಾಕಿ. ಆ ಭಯ ಇನ್ನೂ ಹೋಗಿಲ್ಲ. ಈ ಸಲ ನಮ್ಮ ಹತ್ತಿರ ಇರುವುದು: ನನ್ನ 20,000 ಎಂಎಎಚ್ ಪವರ್ ಬ್ಯಾಂಕ್, ಯಜಮಾನರು ಎಸ್‌ಪಿ ರೋಡಿನಲ್ಲಿ ತಂದ 30,000ದ್ದು, ಸ್ವಲ್ಪ ಊದಿಕೊಂಡಿರುವ ಒಂದು ಹಳೇದು (ಕೆಲಸ ಮಾಡುತ್ತದೆ), ಒಂದು ಲ್ಯಾಪ್‌ಟಾಪ್, ಕ್ಯಾಮೆರಾದ ನಾಲ್ಕು ಬಿಡಿ ಬ್ಯಾಟರಿ, ಸೂಟ್‌ಕೇಸಿನೊಳಗೆ ಇಡುವ ಟ್ರ್ಯಾಕರ್. ಎಲ್ಲಕ್ಕಿಂತ ಮುಖ್ಯ, ಅತ್ತೆಯ ಮಡಚುವ ಎಲೆಕ್ಟ್ರಿಕ್ ವೀಲ್‌ಚೇರ್. ಅದರ ಬ್ಯಾಟರಿ 24 ವೋಲ್ಟ್, 10 ಆಂಪಿಯರ್-ಅವರ್ ಅಂತ ಮಾರಿದವರು ಹೇಳಿದ್ದಾರೆ. ಮೇಲೆ ಹೋದಾಗ ಗಾಳಿಯ ಒತ್ತಡಕ್ಕೆ ಬ್ಯಾಟರಿ ಸಿಡಿಯುತ್ತದೆ, ಪೂರ್ತಿ ಖಾಲಿ ಮಾಡಿಕೊಂಡು ಹೋಗಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಅಂತ ನನ್ನ ತಮ್ಮ ಹೇಳುತ್ತಾನೆ. ನನಗೆ ಅರ್ಥವಾಗದ ಇನ್ನೊಂದು ವಿಷಯ: ಅಷ್ಟು ಅಪಾಯದ ವಸ್ತುವನ್ನು ಕೆಳಗೆ ಲಗೇಜ್ ಜಾಗದಲ್ಲಿ ಇಡಬೇಡಿ, ಜನ ಕೂತಿರುವ ಕಡೆ ಇಟ್ಟುಕೊಳ್ಳಿ ಅನ್ನುತ್ತಾರಲ್ಲ, ಇದು ಉಲ್ಟಾ ಅಲ್ವಾ?

ಉತ್ತರ:

ಮೇಡಂ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದೊಂದು ಅರ್ಥವಾದರೆ ಉಳಿದ ಮುಕ್ಕಾಲು ಪ್ರಶ್ನೆಗೆ ನೀವೇ ಉತ್ತರ ಹೇಳಿಕೊಳ್ಳಬಹುದು. ಹಳೇ ಎಚ್‌ಎಎಲ್ ಏರ್‌ಪೋರ್ಟ್ ಇದ್ದ ಕಾಲದಿಂದ ನಾನು ವಿಮಾನದಲ್ಲಿ ಹೋಗುವ ಅಪಾಯಕಾರಿ ಸರಕುಗಳ ಕೆಲಸದಲ್ಲಿದ್ದೇನೆ. 2008ರಲ್ಲಿ ದೇವನಹಳ್ಳಿಗೆ ಬಂದ ಮೇಲೆ ಗ್ರೌಂಡ್ ಸಿಬ್ಬಂದಿಗೆ ಇದರದ್ದೇ ತರಬೇತಿ ಕೊಡುತ್ತಾ ಬಂದೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮೊದಲ ದಿನ ಕೇಳುವುದೂ ಇದನ್ನೇ.

ನಿಯಮ ಮಾಡಿದವರು "ಬೆಂಕಿ ಹತ್ತಬಾರದು" ಅಂತಷ್ಟೇ ಯೋಚಿಸಲಿಲ್ಲ. "ಹತ್ತಿಬಿಟ್ಟರೆ ಯಾರ ಕೈಗೆ ಸಿಗುತ್ತದೆ?" ಅಂತಲೂ ಯೋಚಿಸಿದರು. ಕ್ಯಾಬಿನ್‌ನಲ್ಲಿ ಪವರ್ ಬ್ಯಾಂಕ್ ಬಿಸಿಯಾದರೆ ನಿಮಗೆ ತಕ್ಷಣ ಗೊತ್ತಾಗುತ್ತದೆ. ವಾಸನೆ ಬರುತ್ತದೆ, ಹೊಗೆ ಕಾಣುತ್ತದೆ. ಸಿಬ್ಬಂದಿ ಓಡಿ ಬರುತ್ತಾರೆ, ನೀರು ಸುರಿಯುತ್ತಾರೆ. ಇದಕ್ಕೆ ಅವರಿಗೆ ತರಬೇತಿ ಇದೆ. ಕೆಳಗಿನ ಲಗೇಜ್ ಜಾಗಕ್ಕೆ ಹಾರಾಟದ ನಡುವೆ ಯಾರೂ ಇಳಿಯಲಾರರು. ಅಲ್ಲಿ ಹೊಗೆ ಪತ್ತೆ ಮಾಡುವ ಸಾಧನ ಇದೆ, ಬೆಂಕಿ ಅಡಗಿಸಲು ಹ್ಯಾಲಾನ್ ಅನಿಲವೂ ಇದೆ. ಬಟ್ಟೆ, ಕಾಗದ ಹತ್ತಿದರೆ ಹ್ಯಾಲಾನ್ ಚೆನ್ನಾಗಿ ಅಡಗಿಸುತ್ತದೆ. ಲಿಥಿಯಂ ಬ್ಯಾಟರಿಯ ಹತ್ತಿರ ಅದರ ಆಟ ಅರ್ಧ ಮಾತ್ರ ನಡೆಯುತ್ತದೆ. ಹೊರಗಿನ ಜ್ವಾಲೆ ಅಡಗುತ್ತದೆ, ಒಳಗಿನ ಕಾವು ಹಾಗೇ ಏರುತ್ತಿರುತ್ತದೆ.

ಕಾವು ಯಾಕೆ ಏರುತ್ತದೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಎಲ್ಲ ನಿಯಮದ ಬೇರು ಇಲ್ಲೇ ಇರುವುದು. ಒಂದು ಸೆಲ್ ಅಂದರೆ ಎರಡು ತೆಳು ಹಾಳೆಗಳನ್ನು ಸುರುಳಿ ಸುತ್ತಿಟ್ಟ ಹಾಗೆ. ಒಂದು ಪ್ಲಸ್, ಒಂದು ಮೈನಸ್. ಅವೆರಡೂ ಮುಟ್ಟಬಾರದು ಅಂತ ನಡುವೆ ಒಂದು ಪ್ಲಾಸ್ಟಿಕ್ ಪೊರೆ, ತಲೆಗೂದಲಿಗಿಂತ ತೆಳ್ಳಗಿನದು. ಸುತ್ತಲೂ ಸುಲಭವಾಗಿ ಹತ್ತಿಕೊಳ್ಳುವ ದ್ರವ. ಬ್ಯಾಟರಿ ಜಜ್ಜಿಹೋದರೆ, ಮೊಳೆ ಚುಚ್ಚಿದರೆ, ಅತಿಯಾಗಿ ಚಾರ್ಜ್ ಆದರೆ, ತಯಾರಾಗುವಾಗಲೇ ಒಳಗೆ ಲೋಹದ ಚೂರು ಸೇರಿದ್ದರೆ ಆ ಪೊರೆ ಒಂದು ಕಡೆ ಸೋಲುತ್ತದೆ. ಪ್ಲಸ್ ಮೈನಸ್ ಒಳಗೇ ಮುಟ್ಟಿಕೊಳ್ಳುತ್ತವೆ. ಆ ಜಾಗ ಕಾಯುತ್ತದೆ. ಸುಮಾರು 130 ಡಿಗ್ರಿ ಹತ್ತಿರ ಬಂದಾಗ ಪೊರೆಯೇ ಕರಗಲು ಶುರುವಾಗುತ್ತದೆ, ಆಮೇಲೆ ಇಡೀ ಸುರುಳಿಯೇ ಶಾರ್ಟ್. ಪ್ಲಸ್ ಕಡೆಯ ವಸ್ತು ಕಾದಾಗ ಆಮ್ಲಜನಕವನ್ನು ಬಿಡುತ್ತದೆ, ಅಂದರೆ ಉರಿಯಲು ಬೇಕಾದ್ದರಲ್ಲಿ ಸ್ವಲ್ಪ ಅದರ ಹೊಟ್ಟೆಯೊಳಗೇ ಇದೆ. ಕೆಲವೇ ಸೆಕೆಂಡಿನಲ್ಲಿ ನೂರಾರು ಡಿಗ್ರಿ ಏರಿ ಪಕ್ಕದ ಸೆಲ್ಲನ್ನೂ ಕಾಯಿಸುತ್ತದೆ. ಅದು ಅದರ ಪಕ್ಕದ್ದನ್ನು. ದೀಪಾವಳಿಯ ಪಟಾಕಿ ಸರಕ್ಕೆ ಒಂದು ತುದಿಯಲ್ಲಿ ಕಿಡಿ ತಾಗಿಸಿದ ಹಾಗೆ. ಆದ್ದರಿಂದಲೇ ಉರಿ ನಿಂತ ಮೇಲೂ ಸಿಬ್ಬಂದಿ ನೀರು ಸುರಿಯುತ್ತಲೇ ಇರುತ್ತಾರೆ. ಉಳಿದ ಸೆಲ್‌ಗಳು ತಣ್ಣಗಾಗುವ ತನಕ ಬೆಂಕಿ ಆರಿತು ಅನ್ನುವ ಹಾಗಿಲ್ಲ. ಐಸ್ ಹಾಕುವುದಿಲ್ಲ, ಕಂಬಳಿ ಮುಚ್ಚುವುದಿಲ್ಲ. ಎರಡೂ ಕಾವನ್ನು ಒಳಗೇ ಹಿಡಿದಿಡುತ್ತವೆ.

2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟ, ಯುಪಿಎಸ್ ಅನ್ನುವ ಅಮೆರಿಕದ ಕೊರಿಯರ್ ಕಂಪನಿಯ ಸರಕು ವಿಮಾನದಲ್ಲಿ ಏನಾಯಿತು ಅಂತ ನಾನು ಪ್ರತಿ ಬ್ಯಾಚಿಗೂ ಹೇಳುತ್ತೇನೆ. ಸರಕಿನಲ್ಲಿ ಲಿಥಿಯಂ ಬ್ಯಾಟರಿಗಳ ದೊಡ್ಡ ರಾಶಿ ಇತ್ತು. ಬೆಂಕಿಯ ಎಚ್ಚರಿಕೆ ಬಂದು ಅರ್ಧ ಗಂಟೆಯೊಳಗೆ ವಿಮಾನ ನೆಲಕ್ಕೆ ಬಿತ್ತು. ಪೈಲಟ್‌ಗಳಿಬ್ಬರೂ ತೀರಿಕೊಂಡರು. ಅವರು ವಾಪಸ್ ತಿರುಗಿ ಇಳಿಸಲು ಪ್ರಯತ್ನಪಟ್ಟರು, ಆದರೆ ಕಾಕ್‌ಪಿಟ್ ಹೊಗೆಯಿಂದ ತುಂಬಿ ಮುಂದಿರುವ ಮೀಟರ್‌ಗಳೇ ಕಾಣಿಸುತ್ತಿರಲಿಲ್ಲ. ಈ ಮಾತು ಹೇಳುವಾಗ ನನಗೆ ಇವತ್ತಿಗೂ ಗಂಟಲು ಕಟ್ಟುತ್ತದೆ. 2016ರ ಏಪ್ರಿಲ್‌ನಿಂದ ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಕಾರ್ಗೋ ಆಗಿ ಸಾಗಿಸುವುದನ್ನೇ ಜಗತ್ತಿನಾದ್ಯಂತ ನಿಲ್ಲಿಸಲಾಯಿತು.

ಹಾಗಂತ ಕ್ಯಾಬಿನ್‌ನಲ್ಲಿ ಎಲ್ಲಿಟ್ಟರೂ ಸರಿ ಅಂತಲ್ಲ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ಸಿದ್ಧವಾಗಿ ನಿಂತಿದ್ದ ವಿಮಾನದ ಹಿಂಭಾಗದಲ್ಲಿ, ತಲೆ ಮೇಲಿನ ಲಗೇಜ್ ಬಿನ್‌ನಲ್ಲಿ ಬೆಂಕಿ ಕಾಣಿಸಿತು. ಪವರ್ ಬ್ಯಾಂಕ್ ಒಳಗಿನ ದೋಷವೇ ಕಾರಣ ಇರಬಹುದು ಅಂತ ತನಿಖೆ ಹೇಳಿತು. ವಿಮಾನ ನೆಲದ ಮೇಲಿತ್ತು, ಎಲ್ಲರೂ ಹೊರಗೆ ಬಂದರು. ವಿಮಾನದ ಮೇಲ್ಛಾವಣಿ ಸುಟ್ಟುಹೋಯಿತು. ಬಿನ್ ಮುಚ್ಚಿದ್ದಾಗ ಒಳಗೆ ಹೊಗೆ ಶುರುವಾದರೆ ಕೆಳಗೆ ಕೂತವರಿಗೆ ತಡವಾಗಿ ತಿಳಿಯುತ್ತದೆ, ಅಲ್ಲಿ ಹತ್ತು ಜನರ ಬ್ಯಾಗ್ ಒಂದರ ಮೇಲೊಂದು ಇರುತ್ತದೆ, ಯಾವುದನ್ನು ಎಳೆಯುತ್ತೀರಿ? ಕೊರಿಯಾ ಮಾರ್ಚ್‌ನಿಂದಲೇ ಬಿನ್‌ನಲ್ಲಿ ಪವರ್ ಬ್ಯಾಂಕ್ ಬೇಡ ಅಂದಿತು. ಸಿಂಗಾಪುರ್ ಏರ್‌ಲೈನ್ಸ್ 2025ರ ಏಪ್ರಿಲ್‌ನಿಂದ ಹಾರಾಟದಲ್ಲಿ ಪವರ್ ಬ್ಯಾಂಕ್ ಬಳಸುವುದನ್ನು ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿಯಿಂದ ದಿಮಾಪುರಕ್ಕೆ ಹೊರಟ ವಿಮಾನ ರನ್‌ವೇ ಕಡೆ ಸಾಗುತ್ತಿದ್ದಾಗ ಒಬ್ಬರ ಪವರ್ ಬ್ಯಾಂಕಿಗೆ ಬೆಂಕಿ ಹತ್ತಿತು. ಅದು ಸೀಟಿನ ಜೇಬಿನಲ್ಲಿತ್ತು, ಕಣ್ಣೆದುರೇ ಇತ್ತು, ಸಿಬ್ಬಂದಿ ಕೂಡಲೇ ನಂದಿಸಿದರು. ಆಮೇಲೆ ನಮ್ಮ ದೇಶದ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಕೂಡ ಸುತ್ತೋಲೆ ಹೊರಡಿಸಿತು: ಕೈಚೀಲದಲ್ಲಿ ಮಾತ್ರ, ಬಿನ್‌ನಲ್ಲಿ ಬೇಡ, ಹಾರಾಟದಲ್ಲಿ ಅದರಿಂದ ಚಾರ್ಜ್ ಮಾಡುವುದೂ ಬೇಡ. ಬುಸಾನ್‌ನಲ್ಲೂ ಪವರ್ ಬ್ಯಾಂಕ್, ಇಲ್ಲೂ ಪವರ್ ಬ್ಯಾಂಕ್. ಎಲ್ಲಿತ್ತು ಅನ್ನುವುದರಲ್ಲಿ ಎಷ್ಟು ವ್ಯತ್ಯಾಸ ಆಯಿತು ನೋಡಿ.

ಈಗ ಪಕ್ಕದ ಮನೆಯವರ ಮಾತು. ಗಾಳಿಯ ಒತ್ತಡಕ್ಕೆ ಬ್ಯಾಟರಿ ಸಿಡಿಯುವುದಿಲ್ಲ. ಹಾರಾಟದಲ್ಲಿ ಕ್ಯಾಬಿನ್ ಒಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲೆ ಇರುವಷ್ಟು, ಅದಕ್ಕಿಂತ ಕಡಿಮೆ ಆಗುವುದಿಲ್ಲ. ಕೆಳಗಿನ ಲಗೇಜ್ ಜಾಗದಲ್ಲೂ ಅದೇ ಒತ್ತಡ. ವಿಮಾನದಲ್ಲಿ ಹೋಗಬೇಕಾದ ಪ್ರತಿ ಲಿಥಿಯಂ ಬ್ಯಾಟರಿ ಮಾದರಿ ವಿಶ್ವಸಂಸ್ಥೆಯ 38.3 ಅನ್ನುವ ಪರೀಕ್ಷೆ ಪಾಸಾಗಿರಬೇಕು. ಅದರ ಮೊದಲ ಪರೀಕ್ಷೆಯೇ ಎತ್ತರದ್ದು. 15,000 ಮೀಟರ್ ಎತ್ತರದಲ್ಲಿರುವಷ್ಟು ತೆಳು ಗಾಳಿಯಲ್ಲಿ ಆರು ಗಂಟೆ ಇಡುತ್ತಾರೆ. ಆಮೇಲೆ ಬಿಸಿ-ಚಳಿ, ಅಲುಗಾಟ, ಪೆಟ್ಟು, ಶಾರ್ಟ್, ಓವರ್‌ಚಾರ್ಜ್ ಎಲ್ಲ. ಆದ್ದರಿಂದ ಒಳ್ಳೆಯ ಬ್ಯಾಟರಿಗೆ ಎತ್ತರದ ಭಯ ಇಲ್ಲ. ಈ ಪರೀಕ್ಷೆಯ ಮುಖವನ್ನೇ ನೋಡದೆ ಮಾರ್ಕೆಟ್ಟಿಗೆ ಬಂದ ಸೆಲ್ ಇದ್ದರೆ ಮಾತು ಬೇರೆ. ಅದಕ್ಕೆ ಎಸ್‌ಪಿ ರೋಡ್ ವಿಷಯಕ್ಕೆ ಬಂದಾಗ ಬರುತ್ತೇನೆ.

ಪೂರ್ತಿ ಖಾಲಿ ಮಾಡಿ ಅನ್ನುವುದು ಅರ್ಧ ನಿಜ. ಒಳಗೆ ಶಕ್ತಿ ಕಡಿಮೆ ಇದ್ದಷ್ಟೂ ಬೆಂಕಿ ಹತ್ತುವ ಸಾಧ್ಯತೆ, ಹತ್ತಿದರೆ ಅದರ ಜೋರು ಎರಡೂ ಕಡಿಮೆ. ಕಾರ್ಗೋ ವಿಮಾನದಲ್ಲಿ ಬಿಡಿ ಬ್ಯಾಟರಿ ಕಳಿಸುವಾಗ 30 ಪರ್ಸೆಂಟ್‌ಗಿಂತ ಜಾಸ್ತಿ ಚಾರ್ಜ್ ಇರಬಾರದು ಅನ್ನುವ ನಿಯಮ ಇರುವುದು ಅದಕ್ಕೇ. ಆದರೆ ಸೊನ್ನೆಗೆ ಇಳಿಸಿ ವಾರಗಟ್ಟಲೆ ಹಾಗೇ ಬಿಟ್ಟರೆ ಸೆಲ್ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಒಳಗೇ ಶಾರ್ಟ್ ಆಗುವ ಅಪಾಯ ಹುಟ್ಟುತ್ತದೆ. ಪವರ್ ಬ್ಯಾಂಕ್ ಅರ್ಧಕ್ಕಿಂತ ಕಡಿಮೆ ಇಟ್ಟುಕೊಂಡು ಹೊರಡಿ, ಸಾಕು. ಫೋನ್, ಲ್ಯಾಪ್‌ಟಾಪ್ ಮಾತ್ರ ಚಾರ್ಜ್ ಆಗಿರಲಿ. ಆನ್ ಮಾಡಿ ತೋರಿಸಿ ಅಂತ ಸೆಕ್ಯುರಿಟಿಯವರು ಕೇಳಬಹುದು.

ನಿಮ್ಮ ತಮ್ಮನ ಸಲಹೆ ಮಾತ್ರ ದಯವಿಟ್ಟು ಕೇಳಬೇಡಿ. ಫಾಯಿಲ್ ಕರೆಂಟ್ ಹರಿಸುತ್ತದೆ. ಬಿಡಿ ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಅದು ತಾಗಿದರೆ ನೀವೇ ಕೈಯಾರೆ ಶಾರ್ಟ್ ಮಾಡಿದ ಹಾಗೆ. ಮದುವೆ ಫೋಟೋ ತೆಗೆಯುವ ಹುಡುಗನೊಬ್ಬ ಒಮ್ಮೆ ಎಂಟು ಕ್ಯಾಮೆರಾ ಬ್ಯಾಟರಿಗಳನ್ನು ಸ್ಟೀಲ್ ಊಟದ ಡಬ್ಬಿಯಲ್ಲಿ ಹಾಕಿ ತಂದಿದ್ದ. ಭದ್ರವಾಗಿರಲಿ ಅಂತ. ಸ್ಕ್ಯಾನರ್ ಹತ್ತಿರ ತೆಗೆಸಿದಾಗ ಡಬ್ಬಿ ಕೈಗೆ ಬಿಸಿ ತಾಗುತ್ತಿತ್ತು. ಒಳಗೆ ಎರಡು ಬ್ಯಾಟರಿ ಡಬ್ಬಿಯ ಗೋಡೆಗೆ ಒರಗಿ ನಿಂತಿದ್ದವು. ಅವನ ಮುಖ ಬಿಳುಚಿಕೊಂಡಿತ್ತು, ನನ್ನದೂ ಹಾಗೇ ಇತ್ತು ಅನ್ನಿಸುತ್ತದೆ. ನಿಮ್ಮ ಕ್ಯಾಮೆರಾ ಬ್ಯಾಟರಿ ನಾಲ್ಕೂ ತೀರಾ ಚಿಕ್ಕವು, ಒಂದೊಂದೂ 15 ವ್ಯಾಟ್-ಅವರ್ ಆಸುಪಾಸು. ಯಾರ ಒಪ್ಪಿಗೆಯೂ ಬೇಡ. ಜೊತೆಗೆ ಬಂದ ಪ್ಲಾಸ್ಟಿಕ್ ಮುಚ್ಚಳ ಇದ್ದರೆ ಹಾಕಿ, ಇಲ್ಲದಿದ್ದರೆ ಟರ್ಮಿನಲ್ ಮೇಲೆ ಇನ್ಸುಲೇಶನ್ ಟೇಪ್ ಅಂಟಿಸಿ, ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೈಚೀಲದಲ್ಲಿಡಿ. ಬೀಗದ ಕೈ, ಚಿಲ್ಲರೆ, ಹೇರ್‌ಪಿನ್ ಇರುವ ಖಾನೆಯಲ್ಲಿ ಬೇಡ.

ವ್ಯಾಟ್-ಅವರ್ ಅಂದೆ, ಬ್ಯಾಟರಿಯಲ್ಲಿ ಒಟ್ಟು ಎಷ್ಟು ಶಕ್ತಿ ಹಿಡಿಸುತ್ತದೆ ಅನ್ನುವ ಅಳತೆ ಅದು. ಈ ಲೆಕ್ಕ ಒಂದು ಕಲಿತುಬಿಡಿ, ಕೌಂಟರಿನಲ್ಲಿ ಯಾರು ಏನು ಹೇಳಿದರೂ ಗಾಬರಿ ಆಗುವುದಿಲ್ಲ. ಏರ್‌ಲೈನ್‌ಗಳು ಎಂಎಎಚ್ ನೋಡುವುದಿಲ್ಲ. ವೋಲ್ಟ್ ಅನ್ನು ಆಂಪಿಯರ್-ಅವರ್‌ನಿಂದ ಗುಣಿಸಿದರೆ ವ್ಯಾಟ್-ಅವರ್. 100ರ ತನಕ ಒಪ್ಪಿಗೆ ಬೇಡ. 100ರಿಂದ 160ರ ತನಕ ಏರ್‌ಲೈನ್ ಒಪ್ಪಿಗೆ ಬೇಕು, ಅಂಥ ಬಿಡಿ ಬ್ಯಾಟರಿ ಒಬ್ಬರಿಗೆ ಎರಡೇ. 160 ದಾಟಿದರೆ ಪ್ರಯಾಣಿಕರು ಒಯ್ಯುವ ಹಾಗಿಲ್ಲ, ವೀಲ್‌ಚೇರ್‌ನಂಥದ್ದಕ್ಕೆ ಮಾತ್ರ ಬೇರೆ ನಿಯಮ. ಇದು ಅಂತರರಾಷ್ಟ್ರೀಯ ಅಳತೆ, ಇದಕ್ಕಿಂತ ಬಿಗಿ ಮಾಡುವ ಹಕ್ಕು ಪ್ರತಿ ಏರ್‌ಲೈನ್‌ಗೂ ಇದೆ. ಲ್ಯಾಪ್‌ಟಾಪ್ ತಯಾರಿಸುವವರಿಗೂ ಈ ಗೆರೆ ಚೆನ್ನಾಗಿ ಗೊತ್ತು. 16 ಇಂಚಿನ ಮ್ಯಾಕ್‌ಬುಕ್ ಪ್ರೊ ಬ್ಯಾಟರಿ 99.6 ವ್ಯಾಟ್-ಅವರ್‌ಗೆ ನಿಂತಿರುವುದು ಸುಮ್ನೆ ಅಲ್ಲ.

ನಿಮ್ಮ 20,000 ಎಂಎಎಚ್ ಅಂದರೆ 20 ಆಂಪಿಯರ್-ಅವರ್. ಒಳಗಿನ ಸೆಲ್ 3.7 ವೋಲ್ಟ್. ಗುಣಿಸಿದರೆ 74. ಆರಾಮಾಗಿ ಒಳಗಿದೆ. ಇಲ್ಲಿ ತುಂಬ ಜನ ಒಂದು ತಪ್ಪು ಮಾಡುತ್ತಾರೆ. ಪವರ್ ಬ್ಯಾಂಕ್ ಹೊರಗೆ 5 ವೋಲ್ಟ್ ಕೊಡುತ್ತದೆ ಅಂತ ಬರೆದಿರುವುದನ್ನು ನೋಡಿ 20ನ್ನು 5ರಿಂದ ಗುಣಿಸಿ 100 ಬಂತು ಅಂತ ಹೆದರುತ್ತಾರೆ. ಲೆಕ್ಕ ಒಳಗಿನ ಸೆಲ್‌ನದ್ದು, ಹೊರಗೆ ಬರುವುದರದ್ದಲ್ಲ. ಒಳ್ಳೆಯ ಕಂಪನಿಯವರು ಹಿಂದುಗಡೆ ಸಣ್ಣ ಅಕ್ಷರದಲ್ಲಿ 74 ವ್ಯಾಟ್-ಅವರ್ ಅಂತ ಬರೆದೇ ಇರುತ್ತಾರೆ. ಕನ್ನಡಕ ಹಾಕಿಕೊಂಡು ನೋಡಿ. ಆ ಬರಹ ಅಳಿಸಿಹೋಗಿದ್ದರೆ ಸೆಕ್ಯುರಿಟಿಯಲ್ಲಿ ನಿಮ್ಮ ಮಾತಿಗೆ ಆಧಾರ ಇರುವುದಿಲ್ಲ, ಅವರು ತೆಗೆದಿಟ್ಟುಕೊಂಡರೆ ತಪ್ಪು ಹೇಳಲಾಗುವುದಿಲ್ಲ.

ಯಜಮಾನರ 30,000ದ್ದು 111 ವ್ಯಾಟ್-ಅವರ್. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ಮಾಡಿರುವ ನಿಯಮದ ಪ್ರಕಾರ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್, ಅದೂ 100ಕ್ಕಿಂತ ಕಡಿಮೆ ಇರಬೇಕು, ಎಷ್ಟು ಅಂತ ಮೇಲೆ ಬರೆದಿರಬೇಕು. ವಿಮಾನದೊಳಗೆ ಅದನ್ನು ಬಳಸುವ ಹಾಗಿಲ್ಲ, ಸೀಟಿನ ಚಾರ್ಜಿಂಗ್‌ಗೆ ಚುಚ್ಚಿ ಅದನ್ನೇ ಚಾರ್ಜ್ ಮಾಡುವ ಹಾಗೂ ಇಲ್ಲ. ಮುಂದಿನ ಸೀಟಿನ ಜೇಬಿನಲ್ಲಿ ಅಥವಾ ಸೀಟಿನ ಕೆಳಗಿರುವ ಚೀಲದಲ್ಲಿ ಇರಬೇಕು. ಆದ್ದರಿಂದ ಆ 30,000ದ್ದು ಮನೆಯಲ್ಲೇ ಇರಲಿ. ಒಪ್ಪಿಗೆ ಕೇಳಿ ನೋಡೋಣ ಅನ್ನುವ ದಾರಿಯೂ ಇಲ್ಲಿ ಇಲ್ಲ. ಈ ವಿಷಯದ ನಿಯಮಗಳು ಈಗ ಬೇಗ ಬೇಗ ಬದಲಾಗುತ್ತಿವೆ, ಹೊರಡುವ ವಾರ ಏರ್‌ಲೈನ್ ವೆಬ್‌ಸೈಟ್ ಒಮ್ಮೆ ತೆರೆದು ನೋಡಿ.

ಆದರೆ ನನಗೆ ನಿಜವಾಗಿ ಚಿಂತೆ ಇರುವುದು 111 ಅನ್ನುವ ಅಂಕೆಯ ಬಗ್ಗೆ ಅಲ್ಲ. ಎಸ್‌ಪಿ ರೋಡಿನಲ್ಲಿ ಒಳ್ಳೆಯ ಅಂಗಡಿಗಳೂ ಇವೆ, ನಾನೇ ಮೂವತ್ತು ವರ್ಷದಿಂದ ಅಲ್ಲಿ ಸಾಮಾನು ತರುತ್ತೇನೆ. ಆದರೆ ಹೆಸರಿಲ್ಲದ ಪವರ್ ಬ್ಯಾಂಕ್‌ಗಳನ್ನು ಬಿಚ್ಚಿ ನೋಡಿದ್ದೇನೆ. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತ ಸೆಲ್‌ಗಳು, ಒಂದೊಂದು ಒಂದೊಂದು ವಯಸ್ಸಿನವು, ಮೇಲೆ ಹೊಸ ಹೊದಿಕೆ. ತೂಕ ಸರಿ ಬರಲಿ ಅಂತ ಮರಳು ತುಂಬಿದ್ದೂ ಒಂದು ಸಿಕ್ಕಿತ್ತು. ನೀವೇ ಪರೀಕ್ಷೆ ಮಾಡಬಹುದು. ಬೆರಳು ಗಾತ್ರದ ಉರುಟು ಸೆಲ್, 18650 ಅನ್ನುತ್ತಾರೆ, ಅದರಲ್ಲಿ ಒಳ್ಳೆಯದು 3,500 ಎಂಎಎಚ್ ಹತ್ತಿರ ಹಿಡಿಯುತ್ತದೆ, ಒಂದರ ತೂಕ 45ರಿಂದ 50 ಗ್ರಾಂ. ಒಂದೇ ಸೆಲ್ ಮೇಲೆ 9,900 ಅಂತ ಬರೆದಿದ್ದರೆ ಅದು ಸುಳ್ಳು. 30,000 ಬೇಕು ಅಂದರೆ ಇಂಥವು ಒಂಬತ್ತು ಬೇಕು, ಬರೀ ಸೆಲ್ಲೇ 400 ಗ್ರಾಂ ದಾಟುತ್ತದೆ. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿ. 250 ಗ್ರಾಂ ಬಂದರೆ ಒಳಗೆ ಅಷ್ಟು ಇಲ್ಲ ಅಂತ ಗೊತ್ತಾಯಿತಲ್ಲ. ತೂಕ ಸರಿ ಬಂದರೂ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಅದರ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ನಮ್ಮ ದೇಶದಲ್ಲಿ ಪವರ್ ಬ್ಯಾಂಕ್ ಮಾರಲು ಅದು ಕಡ್ಡಾಯ. ಇಲ್ಲದಿದ್ದರೆ ವಿಮಾನ ಬಿಡಿ, ಮಲಗುವ ಕೋಣೆಯಲ್ಲಿ ರಾತ್ರಿ ಚಾರ್ಜಿಗೆ ಹಾಕುವುದನ್ನೂ ನಿಲ್ಲಿಸಿ.

ಊದಿಕೊಂಡಿರುವ ಹಳೇದು. "ಕೆಲಸ ಮಾಡುತ್ತದೆ" ಅಂತ ಬರೆದಿದ್ದೀರಿ. ಇದನ್ನು ಓದಿದ ಮೇಲೆ ಒಂದು ಸಲವೂ ಚಾರ್ಜಿಗೆ ಹಾಕಬೇಡಿ. ಒಳಗಿನ ದ್ರವ ಕೆಟ್ಟು ಅನಿಲವಾಗಿ ತುಂಬಿಕೊಂಡಿದೆ, ಆ ಅನಿಲ ಹತ್ತಿಕೊಳ್ಳುವಂಥದ್ದು. ಹಾಳಾದ, ಊದಿದ, ಕಂಪನಿ ವಾಪಸ್ ಕರೆದ ಬ್ಯಾಟರಿ ವಿಮಾನದಲ್ಲಿ ಎಲ್ಲೂ ಇರಬಾರದು, ಕೈಚೀಲದಲ್ಲೂ ಇಲ್ಲ, ಕೆಳಗೂ ಇಲ್ಲ. ಚುಚ್ಚಿ ಗಾಳಿ ತೆಗೆಯಲು ಹೋಗಬೇಡಿ, ಒತ್ತಬೇಡಿ. ಬೆಳಿಗ್ಗೆ ಬರುವ ಕಸದ ಆಟೋಗೆ ಹಾಕಬೇಡಿ. ಮುಂದೆ ಕಸ ಒತ್ತುವ ದೊಡ್ಡ ಲಾರಿಯಲ್ಲಿ ಅದು ಜಜ್ಜಿಹೋಗುತ್ತದೆ, ಅಲ್ಲಿ ಕೆಲಸ ಮಾಡುವವರ ಕೈ ಮುಖ ಸುಡುತ್ತದೆ. ಹಳೇ ಬಾಣಲೆಯಲ್ಲೋ ಮಣ್ಣಿನ ಕುಂಡದಲ್ಲೋ ಒಣ ಮರಳು ಹಾಕಿ, ಅದರೊಳಗೆ ಇಟ್ಟು, ಬಿಸಿಲು ಮಳೆ ಬೀಳದ ಬಾಲ್ಕನಿ ಮೂಲೆಯಲ್ಲಿಡಿ. ಆಮೇಲೆ ಆ ಕಂಪನಿಯ ಸರ್ವಿಸ್ ಸೆಂಟರಿಗೋ, ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವ ಇ-ತ್ಯಾಜ್ಯ ಸಂಗ್ರಹದವರಿಗೋ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆಯುವ ಜವಾಬ್ದಾರಿ ತಯಾರಕರದ್ದೂ ಹೌದು.

ಸೂಟ್‌ಕೇಸಿನ ಟ್ರ್ಯಾಕರ್ ಇರಲಿ ಬಿಡಿ. ಅದರೊಳಗಿನ ಬಿಲ್ಲೆ ಬ್ಯಾಟರಿಯಲ್ಲಿ ಲಿಥಿಯಂ ಸುಮಾರು ಒಂದು ಗ್ರಾಂನ ಹತ್ತನೇ ಒಂದು ಭಾಗ, ನಿಯಮ 0.3 ಗ್ರಾಂ ತನಕ ಬಿಡುತ್ತದೆ. ಲ್ಯಾಪ್‌ಟಾಪ್ ಕೈಚೀಲದಲ್ಲೇ ಇರಲಿ. ಅನಿವಾರ್ಯವಾಗಿ ಕೆಳಗೆ ಹಾಕಲೇಬೇಕಾಗಿ ಬಂದರೆ ಪೂರ್ತಿ ಶಟ್‌ಡೌನ್ ಮಾಡಿ ಬಟ್ಟೆಯ ನಡುವೆ ಪೆಟ್ಟು ಬೀಳದ ಹಾಗೆ ಇಡಬೇಕು. ಸುಮ್ನೆ ಮುಚ್ಚಳ ಮುಚ್ಚಿದರೆ ಸಾಲದು, ನಿದ್ದೆಯಲ್ಲಿರುವ ಲ್ಯಾಪ್‌ಟಾಪ್ ಬ್ಯಾಗಿನೊಳಗೆ ಎಚ್ಚರವಾಗಿ ಕಾಯುವುದುಂಟು.

ಇನ್ನು ಅತ್ತೆಯವರ ಕುರ್ಚಿ. ಇದಕ್ಕೆ ನೀವು ಈಗಿನಿಂದಲೇ ಸಮಯ ಕೊಡಬೇಕು.

24 ವೋಲ್ಟ್, 10 ಆಂಪಿಯರ್-ಅವರ್ ಅಂದರೆ 240 ವ್ಯಾಟ್-ಅವರ್. ಸಾಮಾನ್ಯ ನಿಯಮದ ಪ್ರಕಾರ ಇದು ಹೋಗುವ ಹಾಗೇ ಇಲ್ಲ. ಆದರೆ ನಡೆಯಲಾರದವರಿಗೆ ಕುರ್ಚಿಯೇ ಕಾಲು, ಅದನ್ನು ಬಿಟ್ಟು ಬನ್ನಿ ಅನ್ನುವುದು ನ್ಯಾಯ ಅಲ್ಲ ಅಂತ ಅಂತರರಾಷ್ಟ್ರೀಯ ನಿಯಮದಲ್ಲೇ ಬೇರೆ ಜಾಗ ಮಾಡಿದ್ದಾರೆ. ಬಿಚ್ಚಲು ಬರುವ ಬ್ಯಾಟರಿ ಆದರೆ ಒಂದಕ್ಕೆ 300 ವ್ಯಾಟ್-ಅವರ್ ತನಕ ಅವಕಾಶ. ಎರಡು ಬ್ಯಾಟರಿಯ ಕುರ್ಚಿ ಆದರೆ ಒಂದೊಂದೂ 160ರೊಳಗೆ ಇರಬೇಕು. ಏರ್‌ಲೈನ್ ಒಪ್ಪಿಗೆ ಮಾತ್ರ ಬೇಕೇ ಬೇಕು. ಕುರ್ಚಿ ಕೆಳಗೆ ಹೋಗುತ್ತದೆ, ಬಿಚ್ಚಿದ ಬ್ಯಾಟರಿ ನಿಮ್ಮ ಜೊತೆ ಕ್ಯಾಬಿನ್‌ಗೆ ಬರುತ್ತದೆ. ಟರ್ಮಿನಲ್‌ಗೆ ಮುಚ್ಚಳ ಅಥವಾ ಟೇಪ್, ಪೆಟ್ಟು ತಾಗದ ದಪ್ಪ ಚೀಲ. ಅದೂ ಬಿನ್‌ನಲ್ಲಿ ಬೇಡ, ಮುಂದಿನ ಸೀಟಿನ ಕೆಳಗಿರಲಿ.

ಇದು ಬರೆದಷ್ಟು ಸಲೀಸಾಗಿ ನಡೆಯುವುದಿಲ್ಲ. ನಾನು ಕಂಡಂತೆ ಕಷ್ಟ ಬರುವುದು ಕೌಂಟರಿನಲ್ಲಿ. ಅಲ್ಲಿರುವ ಹುಡುಗಿಗೆ 100 ಮತ್ತು 160 ಬಾಯಿಪಾಠ ಇರುತ್ತದೆ, ವೀಲ್‌ಚೇರ್ ನಿಯಮ ವರ್ಷಕ್ಕೆ ನಾಲ್ಕು ಸಲ ಬೇಕಾಗುತ್ತದೆಯೋ ಏನೋ. 240 ಅಂತ ನೋಡಿದ ಕೂಡಲೇ ಆಗಲ್ಲ ಅನ್ನುತ್ತಾಳೆ, ಮೇಲಿನವರನ್ನು ಕರೆಯಬೇಕಾಗುತ್ತದೆ, ಅಷ್ಟರಲ್ಲಿ ಸಾಲು ಬೆಳೆದು ಹಿಂದಿನವರು ಗೊಣಗುತ್ತಾರೆ, ವಯಸ್ಸಾದ ಅತ್ತೆ ನನ್ನಿಂದ ಎಲ್ಲರಿಗೂ ತೊಂದರೆ ಅಂತ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾರೆ. ನಾನು ಇದನ್ನು ನೋಡಿದ್ದೇನೆ. ಆದ್ದರಿಂದ ಇವತ್ತೇ ಏರ್‌ಲೈನ್‌ಗೆ ಬರೆಯಿರಿ. ಕುರ್ಚಿಯ ಕಂಪನಿ, ಮಾದರಿ, ತೂಕ, ಮಡಚಿದಾಗಿನ ಅಳತೆ, ಬ್ಯಾಟರಿ ಲಿಥಿಯಂ-ಅಯಾನ್, ಬಿಚ್ಚಲು ಬರುತ್ತದೆ, ಇಷ್ಟು ವ್ಯಾಟ್-ಅವರ್, ಇಷ್ಟನ್ನೂ ತಿಳಿಸಿ. ಫೋನಿನಲ್ಲಿ "ಆಯ್ತು ಮೇಡಂ" ಅಂದರೆ ಸಾಲದು, ಇಮೇಲ್‌ನಲ್ಲಿ ಒಪ್ಪಿಗೆ ತರಿಸಿಕೊಳ್ಳಿ. ಬೆಂಗಳೂರು-ದುಬೈ, ದುಬೈ-ಲಂಡನ್ ಎರಡಕ್ಕೂ, ವಾಪಸ್ ಬರುವುದಕ್ಕೂ ಅದರಲ್ಲಿ ಮಾತು ಇರಲಿ. ಹೋಗುವಾಗ ಬಿಟ್ಟು ಬರುವಾಗ ತಡೆದ ಪ್ರಸಂಗಗಳಿವೆ. ಆ ಇಮೇಲ್ ಪ್ರಿಂಟ್, ಬ್ಯಾಟರಿ ವಿವರ ಇರುವ ಮ್ಯಾನುಯಲ್ ಪುಟದ ಜೆರಾಕ್ಸ್, ಇದ್ದರೆ 38.3 ಪರೀಕ್ಷೆಯ ಪತ್ರ, ಮೂರನ್ನೂ ಒಂದು ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿ ಕೈಯಲ್ಲಿಟ್ಟುಕೊಳ್ಳಿ. ಬ್ಯಾಟರಿ ಬಿಚ್ಚಿ ಹಾಕುವುದನ್ನು ಯಜಮಾನರು ಮನೆಯಲ್ಲೇ ನಾಲ್ಕು ಸಲ ಅಭ್ಯಾಸ ಮಾಡಲಿ. ಜಾಯ್‌ಸ್ಟಿಕ್‌ನ ವೈರ್ ನೇತಾಡದ ಹಾಗೆ ಬಟ್ಟೆ ಸುತ್ತಿ ಕಟ್ಟಿ, ಲಗೇಜ್ ಎತ್ತಿ ಇಡುವಾಗ ಮೊದಲು ಮುರಿಯುವುದು ಅದೇ. ಹೊರಡುವ ಮುಂಚೆ ಕುರ್ಚಿಯ ನಾಲ್ಕು ಕಡೆ ಫೋಟೋ ತೆಗೆದಿಟ್ಟುಕೊಳ್ಳಿ.

ಇನ್ನೊಂದು ದಾರಿಯೂ ಇದೆ. ಎಲೆಕ್ಟ್ರಿಕ್ ಕುರ್ಚಿಯನ್ನು ಮನೆಯಲ್ಲೇ ಬಿಟ್ಟು, ಏರ್‌ಪೋರ್ಟ್‌ಗಳಲ್ಲಿ ಏರ್‌ಲೈನ್‌ನವರ ವೀಲ್‌ಚೇರ್ ಸಹಾಯ ಪಡೆದು, ಲಂಡನ್‌ನಲ್ಲಿ ಮಗಳ ಕೈಲಿ ಬಾಡಿಗೆಗೆ ಒಂದು ಹಿಡಿಸುವುದು. ಬ್ಯಾಟರಿಯ ತಲೆನೋವೇ ಇಲ್ಲ. ಆದರೆ ಅಭ್ಯಾಸವಾದ ಕುರ್ಚಿ ಬಿಟ್ಟು 78ರ ವಯಸ್ಸಿನಲ್ಲಿ ಹೊಸದಕ್ಕೆ ಹೊಂದಿಕೊಳ್ಳುವುದು ಸಣ್ಣ ವಿಷಯ ಅಲ್ಲ, ಬಾಡಿಗೆಯೂ ಇದೆ. ಹದಿನೈದು ದಿನದ ಪ್ರವಾಸ ಆದರೆ ನಾನು ಈ ದಾರಿಯನ್ನೇ ಹೇಳುತ್ತಿದ್ದೆ. ಮೂರು ನಾಲ್ಕು ತಿಂಗಳು ಇರುವುದಾದರೆ ಅವರ ಕುರ್ಚಿಯನ್ನೇ ತೆಗೆದುಕೊಂಡು ಹೋಗಿ, ಅದು ಅವರ ಸ್ವಾತಂತ್ರ್ಯ. ಅವರನ್ನೇ ಒಮ್ಮೆ ಕೇಳಿ.

ಹೊರಡುವ ದಿನದ ಬಗ್ಗೆ ಒಂದೆರಡು ಮಾತು. ವಿಮಾನ ತುಂಬಿದ್ದರೆ ಗೇಟಿನ ಹತ್ತಿರ ನಿಮ್ಮ ಕೈಚೀಲವನ್ನೇ ಕೇಳಿ ಕೆಳಗೆ ಹಾಕುತ್ತಾರೆ. ಹೋದ ವರ್ಷ ನಿಮಗಾದ ತಪ್ಪು ಈ ರೂಪದಲ್ಲಿ ತುಂಬ ಜನರಿಗೆ ಆಗುತ್ತದೆ, ಏಕೆಂದರೆ ಈ ಸಲ ಅದನ್ನು ಸ್ಕ್ಯಾನರ್ ಹಿಡಿಯುವುದಿಲ್ಲ, ನೀವೇ ನೆನಪಿಟ್ಟು ತೆಗೆಯಬೇಕು. ಪವರ್ ಬ್ಯಾಂಕ್, ಕ್ಯಾಮೆರಾ ಬ್ಯಾಟರಿ, ಕುರ್ಚಿಯ ಬ್ಯಾಟರಿ ಎಲ್ಲವೂ ಒಂದು ಪುಟ್ಟ ಬಟ್ಟೆ ಚೀಲದಲ್ಲಿ ಮೇಲೆಯೇ ಇದ್ದರೆ ಆ ಚೀಲ ಎತ್ತಿಕೊಂಡು ಬ್ಯಾಗ್ ಕೊಟ್ಟುಬಿಡಬಹುದು. ವಿಮಾನದೊಳಗೆ ಫೋನ್ ಸೀಟಿನ ಸಂದಿಗೆ ಬಿದ್ದರೆ ಸೀಟನ್ನು ಹಿಂದೆ ಮುಂದೆ ಮಾಡಿ ಹುಡುಕಬೇಡಿ. ಸೀಟಿನ ಕಬ್ಬಿಣಕ್ಕೆ ಸಿಕ್ಕಿ ಫೋನ್ ಜಜ್ಜಿಹೋಗಿ ಹೊಗೆ ಬಂದ ಘಟನೆಗಳು ಬೇಕಾದಷ್ಟಿವೆ. ಹಾಗೇ ಎದ್ದು ನಿಂತು ಸಿಬ್ಬಂದಿಯನ್ನು ಕರೆಯಿರಿ. ಯಾವುದಾದರೂ ವಸ್ತು ಅಸಹಜವಾಗಿ ಬಿಸಿ ಅನ್ನಿಸಿದರೆ, ಸಿಹಿಯಾದ ಕೆಮಿಕಲ್ ವಾಸನೆ ಬಂದರೆ ಸಂಕೋಚ ಬೇಡ, ಕರೆಗಂಟೆ ಒತ್ತಿ, ಜೋರಾಗಿ ಕೂಗಿದರೂ ತಪ್ಪಿಲ್ಲ. ಮರ್ಯಾದೆಗೆ ಅಂಜಿ ಚೀಲದೊಳಗೆ ಮುಚ್ಚಿಟ್ಟವರಿಂದಲೇ ಅನಾಹುತ ಜಾಸ್ತಿ ಆಗುವುದು.

ಒಂದು ಕೆಲಸ ಮಾಡಿ ಮೇಡಂ. ಕುರ್ಚಿಯ ಬ್ಯಾಟರಿಯ ಹಿಂದಿರುವ ಲೇಬಲ್‌ನ ಫೋಟೋ ತೆಗೆದು ಕಳಿಸಿ. 24 ಮತ್ತು 10 ಅನ್ನುವುದು ಮಾರಿದವರ ಬಾಯಿಮಾತೋ, ಲೇಬಲ್ ಮೇಲೂ ಅದೇ ಇದೆಯೋ ನೋಡಬೇಕು. ಕೆಲವು ಕುರ್ಚಿಗಳಲ್ಲಿ ಅದೇ ಗೂಡಿಗೆ 20 ಆಂಪಿಯರ್-ಅವರ್ ಬ್ಯಾಟರಿಯನ್ನೂ ಹಾಕಿ ಕೊಡುತ್ತಾರೆ. ಹಾಗಿದ್ದರೆ 480 ಆಗಿಬಿಡುತ್ತದೆ, ಬಿಚ್ಚಿ ಕ್ಯಾಬಿನ್‌ಗೆ ತರುವ ಹಾಗಿಲ್ಲ. ಆಗ ಚಿಕ್ಕ ಬ್ಯಾಟರಿ ಹಾಕಿಸಲು ನಿಮಗೆ ಒಂದು ತಿಂಗಳು ಕೈಯಲ್ಲಿದೆ.